ಹನ್ನೆರಡನೆಯ ಸಾಲು

ಬ್ಯಾಸ್ಕೆಟ್‌ಬಾಲ್ ಪಂದ್ಯದ ಸ್ಕೋರ್ ಶೀಟಿನಲ್ಲಿ ಒಂದು ತಂಡಕ್ಕೆ ಹನ್ನೆರಡು ಸಾಲುಗಳಿರುತ್ತವೆ. ಪಂದ್ಯಕ್ಕೆ ಮುಂಚೆ ಆ ಸಾಲುಗಳಲ್ಲಿ ಆಟಗಾರ್ತಿಯರ ಹೆಸರು ಬರೆಯುತ್ತಾರೆ. ಒಬ್ಬಳು ಮೊದಲ ಸಲ ಅಂಕಣಕ್ಕೆ ಕಾಲಿಟ್ಟ ಕೂಡಲೇ ಅವಳ ಹೆಸರಿನ ಮುಂದೆ ಗುಣಾಕಾರದ ಒಂದು ಸಣ್ಣ ಗುರುತು ಬೀಳುತ್ತದೆ. ಆ ಗುರುತು ಬಿದ್ದರೆ ಆಡಿದಂತೆ, ಇಲ್ಲದಿದ್ದರೆ ಇಲ್ಲ. ಲೋಕದ ಮಿಕ್ಕೆಲ್ಲ ಲೆಕ್ಕವನ್ನೂ ಯಂತ್ರಗಳಿಗೆ ಒಪ್ಪಿಸಿ ಕೈತೊಳೆದುಕೊಂಡ ಕಾಲದಲ್ಲೂ ಲೀಗಿನವರು ಈ ಹಾಳೆಯನ್ನು ಮಾತ್ರ ಪೆನ್ನು ಹಿಡಿದು ಕೈಯಲ್ಲೇ ಬರೆಸುತ್ತಿದ್ದರು. ಯಂತ್ರ ಹೇಳಿದ ಅಂಕವನ್ನು ಸೋತವರು ಯಾವತ್ತೂ ಒಪ್ಪುವುದಿಲ್ಲ ಎನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಮಂಡ್ಯದ ‘ನಾಲೆ’ ಎಂಬ ತಂಡದವರು ಒಂಬತ್ತು ವರ್ಷಗಳಿಂದ ಹನ್ನೊಂದೇ ಹೆಸರು ಕೊಡುತ್ತಿದ್ದರು. ಹನ್ನೆರಡನೆಯ ಸಾಲು ಖಾಲಿ. ಪಂದ್ಯ ಮುಗಿದ ಮೇಲೆ ಆ ಖಾಲಿ ಸಾಲಿನ ಮೇಲೆ ಸ್ಕೋರರ್ ಅಡ್ಡಗೆರೆ ಎಳೆಯುವುದನ್ನು ತನುಜಾ ಪ್ರತಿ ಸಲವೂ ಪ್ರೇಕ್ಷಕರ ಮೊದಲ ಸಾಲಿನಿಂದ ಕತ್ತು ಚಾಚಿ ನೋಡುತ್ತಿದ್ದಳು. ವರ್ಷಕ್ಕೆ ಇಪ್ಪತ್ತೆರಡು ಪಂದ್ಯ, ಆಗಲೇ ನೂರತೊಂಬತ್ತೆಂಟು ಗೆರೆಗಳಾಗಿದ್ದವು. ಅವಳಿಗೆ ಮೂವತ್ತಮೂರು ವರ್ಷ. ಆ ಸಾಲಿನಲ್ಲಿ ಒಂದೇ ಒಂದು ಸಲ ತನ್ನ ಹೆಸರು ಬರಬೇಕು, ಅದರ ಮುಂದೆ ಆ ಗುರುತು ಬೀಳಬೇಕು ಎನ್ನುವುದು ಅವಳ ಆಸೆ. ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸಾಲು ಖಾಲಿ ಇದ್ದದ್ದು ಇನ್ನೂ ಬಾರದ ಒಬ್ಬಳಿಗಾಗಿ.

ಕಥೆ ಶುರುವಾದದ್ದು ‘ಮುಂಗಾಣ್ಕೆ’ ಎಂಬ ಯಂತ್ರದಿಂದ. ಶಾಲಾಮಕ್ಕಳ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ತೆಗೆಯುವ ಮಣಿಕಟ್ಟಿನ ಎಕ್ಸ್-ರೇ, ಓಡುವಾಗಿನ ವಿಡಿಯೊ, ನೆಗೆದು ಇಳಿಯುವಾಗ ಮಂಡಿ ಎಷ್ಟು ಬಾಗುತ್ತದೆ ಎಂಬ ಅಳತೆ, ಇಷ್ಟನ್ನು ಅದಕ್ಕೆ ಉಣಿಸಿದರೆ ಸಾಕು. ಈ ಮಗುವಿನ ಮೂಳೆ ಇನ್ನೆಷ್ಟು ಬೆಳೆದೀತು, ತೋಳು ಎಷ್ಟು ಉದ್ದವಾದೀತು, ಆ ಮೈಯಲ್ಲಿ ಅದು ಹೇಗೆ ಓಡೀತು, ಹೇಗೆ ಹಾರೀತು ಎಂದು ಲೆಕ್ಕ ಹಾಕಿ, ಹದಿನೆಂಟು ತುಂಬಿದ ಆಟಗಾರ್ತಿಯನ್ನೇ ಪರದೆಯ ಮೇಲೆ ಕುಣಿಸಿ ತೋರಿಸುತ್ತಿತ್ತು. ಮಕ್ಕಳ ಹೆಸರು, ಮುಖ ಯಾವುದೂ ತಂಡಗಳಿಗೆ ಸಿಗುತ್ತಿರಲಿಲ್ಲ, ಬರೀ ಸಂಖ್ಯೆ. ಹದಿನೆಂಟು ತುಂಬುವ ತನಕ ಯಾವ ತಂಡವೂ ಯಾವ ಮಗುವಿನ ಹತ್ತಿರಕ್ಕೂ ಸುಳಿಯುವಂತಿಲ್ಲ ಎಂದು ಕಾನೂನೇ ಇತ್ತು.

ನಾಲೆ ತಂಡದಲ್ಲಿ ಮುಂಗಾಣ್ಕೆಯನ್ನು ನೋಡಿಕೊಳ್ಳುತ್ತಿದ್ದವನು ನಿರಂಜನ ಆರಾಧ್ಯ. ಒಳ್ಳೆಯ ಹುಡುಗ, ಆದರೆ ಊಟದ ತಟ್ಟೆಯ ಮುಂದೆ ಕೂತರೂ ಗ್ರಾಫನ್ನೇ ನೋಡುವ ಜಾತಿ. ಒಂಬತ್ತು ವರ್ಷದ ಹಿಂದೆ ಸಂಖ್ಯೆಯ ಕೊನೆಯಲ್ಲಿ ಹದಿನೇಳು ಎಂದಿದ್ದ ಒಂದು ಮಗುವನ್ನು ಅವನು ಹೆಕ್ಕಿ ತೆಗೆದ. ಅಂದಿನಿಂದ ತಂಡದವರ ಬಾಯಲ್ಲಿ ಅವಳ ಹೆಸರೇ ‘ಹದಿನೇಳು’ ಎಂದಾಯಿತು. ಗದಗದ ಕಡೆಯ ಹುಡುಗಿ, ಒಂಬತ್ತು ವರ್ಷ, ಎಡಗೈ ಆಟ, ಮುಂದೆ ಆರು ಅಡಿ ಐದು ಇಂಚು ಬೆಳೆಯುವವಳು. ಬೇರೆ ತಂಡಗಳ ಯಂತ್ರಗಳು ಅವಳನ್ನು ನಲವತ್ತನೆಯ ಸ್ಥಾನದಲ್ಲೋ ಐವತ್ತನೆಯದರಲ್ಲೋ ಇಟ್ಟಿದ್ದವು. ಇವಳು ಇಂಥ ಆಟಗಾರ್ತಿಯಾಗುತ್ತಾಳೆ, ಈ ದೇಶ ಅಂಥವಳನ್ನು ಕಂಡಿಲ್ಲ ಎಂದು ನಿರಂಜನ ಆಡಳಿತ ಮಂಡಳಿಯ ಮುಂದೆ ಟೇಬಲ್ ಗುದ್ದಿ ಹೇಳಿದ.

ಕರೆಯುವ ಹಾಗಿಲ್ಲ, ಮಾತಾಡಿಸುವ ಹಾಗಿಲ್ಲ. ಹಾಗಾದರೆ ಅವಳಿಗೆ ಹದಿನೆಂಟು ತುಂಬಿದ ದಿನ ತಾನಾಗಿ ಮಂಡ್ಯವನ್ನೇ ಆರಿಸಿಕೊಳ್ಳುವಂತೆ ಮಾಡುವುದು ಹೇಗೆ? ಮಂಡಳಿ ಇದನ್ನೂ ಯಂತ್ರವನ್ನೇ ಕೇಳಿತು. ಅದು ನಲವತ್ತೊಂದು ಅಂಶದ ಯೋಜನೆ ಕೊಟ್ಟಿತು. ಅದರ ಪ್ರಕಾರ ಎತ್ತರದವರಿಗೆ ಹೊಂದುವ ಮಂಚ ಬಂತು, ಬಾಗಿಲುಗಳು ಎತ್ತರವಾದವು, ಗದಗದಿಂದ ಜೋಳದ ರೊಟ್ಟಿ ಬಡಿಯುವವರೊಬ್ಬರು ಬಂದರು. ಆ ತಾಯಿ ಹುಡುಗಿಯರಿಗೆ ದಿನವೂ ರೊಟ್ಟಿ ಬಡಿಯುವುದು, ಹುಡುಗಿಯರು ದಿನವೂ ಮುದ್ದೆ ಎಲ್ಲಿ ಎಂದು ಕೇಳುವುದು, ಇದು ವರ್ಷಗಟ್ಟಲೆ ನಡೆಯಿತು. ತಂಡದಲ್ಲಿ ಒಂದು ಜಾಗ ನಿಜವಾಗಿಯೂ ಖಾಲಿ ಇರಬೇಕು, ಹನ್ನೊಂದು ಜನವೂ ಆ ಖಾಲಿಯ ಸುತ್ತ ಆಡಿ ರೂಢಿಯಾಗಬೇಕು ಎನ್ನುವುದು ಏಳನೆಯ ಅಂಶ. ಬರಲಿರುವವಳ ಹಾಗೇ ಆಡುವ ಒಬ್ಬ ಬದಲಿ ಅಭ್ಯಾಸದಲ್ಲಿ ಇರಬೇಕು ಎನ್ನುವುದು ಎಂಟನೆಯದು.

ಆ ಬದಲಿಯೇ ತನುಜಾ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅವಳು ತಂಡದ ಆಯ್ಕೆಯಲ್ಲಿ ಹನ್ನೆರಡನೆಯವಳಾಗಿ ಬಂದಿದ್ದಳು. ಅದೇ ವಾರ ಹನ್ನೆರಡನೆಯ ಸಾಲನ್ನು ಖಾಲಿ ಬಿಡುವುದೆಂದು ತೀರ್ಮಾನವಾಯಿತು. ಕೋಚ್ ಸಿದ್ದರಾಜು ಮೇಷ್ಟ್ರು ಅವಳನ್ನು ಕರೆದು, ಹೆಸರನ್ನು ಆಟಗಾರ್ತಿಯೆಂದೇ ನೋಂದಾಯಿಸಿರುತ್ತೇವೆ, ಒಂದು ವರ್ಷ ಈ ಅಂಗಿ ಹಾಕಿಕೋ ಎಂದರು. ‘ನೆರಳಂಗಿ’ ಎಂದು ಅದರ ಹೆಸರು. ಮಂಡಿ, ಸೊಂಟ, ಭುಜಗಳಲ್ಲಿ ಗಾಳಿಚೀಲಗಳು. ಹದಿನೇಳು ಎಲ್ಲಿ ತಿರುಗುತ್ತಾಳೋ ಅಲ್ಲಿ ಅವು ಉಬ್ಬಿ ತನುಜಾಳ ಮೈಯನ್ನು ತಿರುಗಿಸುತ್ತಿದ್ದವು. ಎತ್ತರ ಸಾಲದ್ದಕ್ಕೆ ಕೈತುದಿಯಲ್ಲಿ ಒಂದು ಗೇಣುದ್ದದ ಹೊಳೆಯುವ ಕಡ್ಡಿ, ಗುರುತು ಸಿಗದಿರಲೆಂದು ಮುಖಕ್ಕೆ ಮುಸುಕು. ಒಂದು ವರ್ಷ ಎಂದದ್ದು ಒಂಬತ್ತಾಯಿತು.

ಬೇರೆಯವರ ಮೈಯಲ್ಲಿ ಒಂಬತ್ತು ವರ್ಷ ಇದ್ದರೆ ಏನಾಗುತ್ತದೆ ಎಂದು ಯಂತ್ರ ಮಾಡಿದವರು ಯೋಚಿಸಿರಲಿಲ್ಲ. ತನುಜಾ ಬಲಗೈಯವಳು. ಎರಡನೆಯ ವರ್ಷದ ಹೊತ್ತಿಗೆ ಮನೆಯಲ್ಲಿ ಸೌಟು ಎಡಗೈಗೆ ಬರತೊಡಗಿತು. ಅವಳ ತಾಯಿ ಪುಷ್ಪಲತಾ, ಅನ್ನ ಬಡಿಸುವ ಕೈಯಾ ಅದು ಎಂದು ಸೌಟು ಕಿತ್ತುಕೊಳ್ಳುತ್ತಿದ್ದರು. ಮಂಡ್ಯ ಗೆದ್ದಾಗೆಲ್ಲ ಮಾರನೆಯ ದಿನ ಆಕೆ ಪತ್ರಿಕೆ ಬಿಡಿಸಿ ಹುಡುಕುವುದು, ಮಡಿಸಿ ಇಡುವುದು.

“ಅದ್ಯಾವ ಆಟವೋ ಕಾಣೆ ಕಣವ್ವ,” ಎನ್ನುತ್ತಿದ್ದರು. “ದಿನಾ ಮೈ ನೋಯಿಸ್ಕೊಂಡು ಬತ್ತೀಯ. ಪೇಪರ್‌ನಲ್ಲಿ ಒಂದ್ ಕಿತಾನಾದ್ರೂ ನಿನ್ನ ಹೆಸ್ರು ನೋಡ್ನಿಲ್ವಲ್ಲ.”

ತನುಜಾಳನ್ನು ಅಲ್ಲಿ ಹಿಡಿದಿಟ್ಟದ್ದು ಆಸೆಯೊಂದೇ ಅಲ್ಲ, ಕುತೂಹಲವೂ ಹೌದು. ಹದಿನೇಳು ಎಡಕ್ಕೆ ಹೊರಳುವ ಮುಂಚೆ ಗಲ್ಲ ಎತ್ತುತ್ತಾಳೆ, ಏಕೆ? ದಣಿದಾಗ ಬೆರಳು ಮಡಚುತ್ತಾಳೆ, ಮನೆಯಲ್ಲೂ ಹೀಗೇ ಮಾಡುತ್ತಾಳಾ? ಹೆಸರೇ ತಿಳಿಯದ ಒಂದು ಮಗುವಿನ ನಡಿಗೆ ತನ್ನ ಕಾಲಲ್ಲಿದೆ, ಅದಕ್ಕೆ ಗೊತ್ತೇ ಇಲ್ಲ. ಬಸ್ಸಿಗೆ ನಿಂತಾಗೆಲ್ಲ ಅವಳಿಗೆ ಇದೇ ಯೋಚನೆ.

ಮೂರನೆಯ ವರ್ಷ ಅವಳ ಎಡಮಂಡಿ ಉಳುಕಿತು. ವಾಸಿಯಾದ ಮೇಲೂ ಒಂದು ಅಭ್ಯಾಸ ಉಳಿಯಿತು. ಚೆಂಡು ಹಿಡಿದು ಬುಟ್ಟಿಯ ಕಡೆ ಏಳುವ ಮುಂಚೆ ಎಡಗಾಲೂರಿ ಅರೆಗಳಿಗೆ ತಡೆಯುವುದು. ನೋವಿಗೆ ಹೆದರಿ ಮೈ ತಾನೇ ಮಾಡಿಕೊಂಡ ಉಪಾಯ ಅದು. ಗಾಳಿಚೀಲ ಏಳು ಎಂದು ತಳ್ಳುತ್ತಿತ್ತು, ಕಾಲು ತಡಿ ಎನ್ನುತ್ತಿತ್ತು. ನಿಯಂತ್ರಣ ಕೋಣೆಯ ಪರದೆಯ ಮೇಲೆ ಪ್ರತಿ ಸಲವೂ ಕೆಂಪು ಚುಕ್ಕೆ ಬೀಳುತ್ತಿತ್ತು. ನಿರಂಜನ ಆ ಚುಕ್ಕೆಗಳಿಗೆಲ್ಲ ಒಂದು ಹೆಸರಿಟ್ಟ, ‘ತನುಜಾ ದೋಷ’. ಆಮೇಲೆ ಅವನ್ನು ಅಳಿಸಿಹಾಕಲು ಒಂದು ಶೋಧಕ ಪ್ರೋಗ್ರಾಂ ಬರೆದ. ಯಂತ್ರಕ್ಕೆ ಹೋಗುವ ಯಾವ ವಿಡಿಯೊ ಆದರೂ ಆ ಶೋಧಕದಲ್ಲಿ ಸೋಸಿಯೇ ಹೋಗುವಂತೆ ಮಾಡಿ ನಿಶ್ಚಿಂತನಾದ. ಪರದೆಯ ಮೇಲೆ ತನ್ನ ಹೆಸರಿನೊಂದಿಗೆ ದೋಷ ಎಂದು ಬರೆದದ್ದನ್ನು ತನುಜಾ ಒಂದು ದಿನ ನೋಡಿದಳು. ಅವತ್ತು ಅವಳಿಗೆ ಅಳು ಬಂತು. ಕೊನೆಗೂ ತನ್ನ ಹೆಸರನ್ನು ಎಲ್ಲಾದರೂ ಬರೆದರಲ್ಲ ಎಂದು ನಗುವೂ ಬಂತು.

ಮುಂಗಾಣ್ಕೆ ಮಾತ್ರ ವರ್ಷವರ್ಷಕ್ಕೆ ಜಾಣವಾಗುತ್ತಿತ್ತು. ಹದಿನೇಳರ ಶಾಲಾ ಪಂದ್ಯಗಳ, ಮುಖ ಅಳಿಸಿದ ವಿಡಿಯೊ ಬಂದಾಗೆಲ್ಲ ಹಿಂದಿನ ವರ್ಷದ ಭವಿಷ್ಯವನ್ನು ಅದರೊಂದಿಗೆ ಹೋಲಿಸುತ್ತಿದ್ದರು. ಮೊದಲು ನೂರಕ್ಕೆ ಅರವತ್ತೊಂದು ಹೊಂದಿತು, ಆಮೇಲೆ ಎಪ್ಪತ್ತು, ಎಂಬತ್ತಮೂರು, ಕೊನೆಗೆ ತೊಂಬತ್ತನಾಲ್ಕು. ನಿರಂಜನನಿಗೆ ಊರೂರಿಂದ ಭಾಷಣಕ್ಕೆ ಕರೆ ಬರತೊಡಗಿತು. ಆ ಹೊತ್ತಿಗೆ ಉಳಿದ ತಂಡಗಳಿಗೂ ಹದಿನೇಳರ ಮೇಲೆ ಕಣ್ಣುಬಿದ್ದಿತ್ತು.

ಡಿಸೆಂಬರಿನಲ್ಲಿ ಅವಳಿಗೆ ಹದಿನೆಂಟು ತುಂಬಿತು, ಹೆಸರು ಹೊರಬಂತು. ರೋಣದ ಶಾಂಭವಿ ಬಡಿಗೇರ. ಆರು ತಂಡದವರು ಅವಳ ಮನೆಗೆ ದೌಡಾಯಿಸಿದರು. ಮೊದಲು ಮಂಡ್ಯವನ್ನು ನೋಡುತ್ತೇನೆ ಎಂದು ಅವಳೇ ಹೇಳಿ ಕಳಿಸಿದಳಂತೆ. ಮಂಡಳಿಯವರು ಹಿಗ್ಗಿ ಹೀರೇಕಾಯಾದರು.

ಅವಳು ಬರುವ ಹಿಂದಿನ ದಿನ ಸಿದ್ದರಾಜು ಮೇಷ್ಟ್ರು ತನುಜಾಳನ್ನು ಕರೆದರು. ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು ನಿಂತರು. ನಾಳೆ ನೀನು ಬರುವುದು ಬೇಡ ಎಂದರು. ನಲವತ್ತೊಂದನೆಯ ಅಂಶ ಅದೇ ಅಂತೆ. ತನ್ನ ನೆರಳಾಗಿ ಬೇರೊಬ್ಬರು ಇದ್ದರು ಎಂದು ತಿಳಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ, ಆದ್ದರಿಂದ ಬದಲಿಯನ್ನು ತೋರಿಸಬಾರದು.

“ನಾನು ದೂರದಲ್ಲಿ ಕೂತು ನೋಡ್ತೀನಿ ಸಾರ್,” ಎಂದಳು ತನುಜಾ. “ಅವಳ ಮುಖ ಹೆಂಗದೆ ಅಂತ ಒಂದ್ಸಲ ನೋಡಿದ್ರೆ ಸಾಕು.”

“ಬ್ಯಾಡ ಕಣಮ್ಮ. ನನ್ನ ಕೈಲಿ ಏನೂ ಇಲ್ಲ,” ಎಂದು ಮೇಷ್ಟ್ರು ನೆಲ ನೋಡಿದರು.

ಹೀಗಾಗಿ ಆ ಬೆಳಿಗ್ಗೆ ತನುಜಾ ಮನೆಯ ನಡುಮನೆಯಲ್ಲಿ ಕೂತು ತಾಯಿಯ ಜೊತೆ ನೆನೆದ ಅವರೆಕಾಳು ಹಿದುಕುತ್ತಿದ್ದಳು. ಅವಳಿಗೆ ಕೆಟ್ಟ ಕೋಪ ಬಂದಿತ್ತು. ಒಂದೊಂದು ಕಾಳನ್ನೂ ಜೋರಾಗಿ ಒತ್ತುತ್ತಿದ್ದಳು. ಹನ್ನೊಂದೂವರೆಗೆ ಬಾಗಿಲ ಬಳಿ ನೆರಳಾಡಿತು. ನಿರಂಜನ ಬೆವರುತ್ತ ನಿಂತಿದ್ದ. ಅವನ ಹಿಂದೆ ಒಬ್ಬ ಹುಡುಗಿ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದಳು. ಹೊಸ್ತಿಲು ದಾಟುವಾಗ ಗಲ್ಲ ಎತ್ತಿದಳು. ತನುಜಾಳ ಕೈಯಲ್ಲಿದ್ದ ಕಾಳು ಜಾರಿ ಬಿತ್ತು.

“ಅಕ್ಕಾರ, ನೀವ ಅಲ್ಲೇನ್ರಿ ಆ ಅಂಗಿ ಹಾಕ್ಕೊಂಡು ಆಡಾವ್ರು?” ಎಂದಳು ಶಾಂಭವಿ.

ನಡೆದದ್ದನ್ನು ನಿರಂಜನ ಒಂದೇ ಉಸಿರಿಗೆ ಹೇಳಿದ. ಬೆಳಿಗ್ಗೆ ಅವಳನ್ನು ಹನ್ನೊಂದು ಜನರ ಜೊತೆ ಆಡಿಸಿದರು. ಅವಳು ಎಲ್ಲಿ ತಿರುಗಿದರೂ ಚೆಂಡು ಅಲ್ಲಿಗೇ ಬಂತು, ವರ್ಷಗಳಿಂದ ಜೊತೆಗೆ ಆಡಿದವರ ಹಾಗೆ. ನಿರಂಜನ ಮೊದಲ ಸಲ ಪರದೆ ಬಿಟ್ಟು ಅಂಕಣದ ಪಕ್ಕದಲ್ಲೇ ನಿಂತು ಬರಿಗಣ್ಣಲ್ಲಿ ನೋಡಿದ. ಶಾಂಭವಿ ಬುಟ್ಟಿಯ ಕಡೆ ಏಳುವ ಮುಂಚೆ ಎಡಗಾಲೂರಿ ಅರೆಗಳಿಗೆ ತಡೆದಳು. ಪ್ರತಿ ಸಲವೂ ತಡೆದಳು. ಮಂಡಿ ನೋವೇ ಎಂದು ಕೇಳಿದರೆ ಅವಳು ನಕ್ಕು, ಮುಸುಕು ಹಾಕಿ ಆಡುತ್ತಿದ್ದ ಆ ಅಕ್ಕ ಎಲ್ಲಿ, ಅವರನ್ನು ತೋರಿಸದೆ ನಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದಳಂತೆ.

“ನಿನಗೆ ಅವಳು ಹೆಂಗೆ ಗೊತ್ತಮ್ಮ?” ಎಂದು ನಿರಂಜನ ಈಗ ಕೇಳಿದ. ದಾರಿಯುದ್ದಕ್ಕೂ ಕೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ.

ಶಾಂಭವಿ ಗೋಡೆಗೊರಗಿ ಚಾಪೆಯ ಮೇಲೆ ಕೂತಳು. ವಾರಕ್ಕೊಂದು ಅಭ್ಯಾಸವನ್ನು ಜನರಿಗೆ ತೆರೆದಿಡಬೇಕು ಎಂಬುದು ಲೀಗಿನ ನಿಯಮ. ಮಂಡ್ಯದವರು ಒಂದು ಹೆಜ್ಜೆ ಮುಂದೆ ಹೋಗಿ, ಎಂದಾದರೂ ಆ ಹುಡುಗಿಯ ಕಣ್ಣಿಗೆ ಬೀಳಲಿ ಎಂದು ಭಾನುವಾರದ ಅಭ್ಯಾಸವನ್ನು ಇಡೀ ದೇಶಕ್ಕೆ ಪ್ರಸಾರ ಮಾಡುತ್ತಿದ್ದರು. ಅದು ಯೋಜನೆಯ ಹದಿಮೂರನೆಯ ಅಂಶ. ಅದು ಅವಳ ಕಣ್ಣಿಗೆ ಬಿದ್ದಿತ್ತು, ಚೆನ್ನಾಗಿಯೇ ಬಿದ್ದಿತ್ತು.

“ನಮ್ಮ ಸಾಲ್ಯಾಗ ಕೋಚ್ ಇರಲಿಲ್ರಿ, ಒಂದ ಬುಟ್ಟಿ ಇತ್ತು,” ಎಂದಳು. “ಹತ್ತು ವರ್ಸದಾಕಿ ಇದ್ದಾಗಿಂದ ಐತವಾರ ಮುಂಜಾನೆ ಕಾಕಾನ ಫೋನ್‌ನಾಗ ಈ ಅಕ್ಕಾರನ್ನ ನೋಡ್ತಿದ್ದೆ. ನನ್ನಂಗ ಎಡಗೈಲೆ ಆಡಾವ್ರು ಇವ್ರೊಬ್ರ. ಸೋಮವಾರ ಹೋಗಿ ಹಂಗ ಮಾಡೂದು. ಆ ತಡ್ಯೂದು ಐತಲ್ರಿ, ಅದನ್ನ ಕಲಿಯಾಕ ಎರಡು ವರ್ಸ ಹಿಡೀತು. ಅಷ್ಟರಾಗ ಎದುರಿನಾಕಿ ಮೊದಲ ಹಾರಿ ಕೆಳಗ ಬಂದಿರ್ತಾಳ. ಆಮ್ಯಾಲ ಹಾಕೂದು ಸಲೀಸು.”

ನಿರಂಜನ ಮಣೆಯ ಮೇಲೆ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಯಂತ್ರ ಈ ಹುಡುಗಿ ಹೇಗೆ ಆಡುತ್ತಾಳೆ ಎಂದು ಊಹಿಸಿತು. ತನುಜಾ ಆ ಊಹೆಯನ್ನು ಆಡಿ ತೋರಿಸಿದಳು. ಹುಡುಗಿ ಅದನ್ನು ನೋಡಿ ಕಲಿತಳು. ಮರುವರ್ಷ ಯಂತ್ರ ಹುಡುಗಿಯನ್ನು ನೋಡಿ, ನಾನು ಹೇಳಿದ್ದೇ ಸರಿ ಎಂದು ಬೀಗಿತು. ಯಂತ್ರ ಹೇಳದೆ ಇದ್ದದ್ದು ಒಂದೇ, ಆ ತಡೆಯುವಿಕೆ. ಹುಡುಗಿಯ ವಿಡಿಯೊಗಳಲ್ಲೂ ಅದು ವರ್ಷಗಳಿಂದ ಇದ್ದಿರಬೇಕು, ಅವನ ಶೋಧಕವೇ ಅದನ್ನು ಸೋಸಿ ಎಸೆದಿತ್ತು.

“ಹಾಗಾದ್ರೆ ಒಂಬತ್ತು ವರ್ಷ ನಾನು ಅಳೆದಿದ್ದು ಏನನ್ನ?” ಎಂದ.

ತನುಜಾಳಿಗೆ ಅವನ ಗ್ರಾಫಿನ ಚಿಂತೆ ತಟ್ಟಲಿಲ್ಲ. ಅವಳು ಹುಡುಗಿಯನ್ನೇ ನೋಡುತ್ತಿದ್ದಳು. ತನ್ನ ಮೈಯಲ್ಲಿ ಇದ್ದವಳು ಇವಳು, ಇವಳ ಕಾಲಲ್ಲಿ ಇರುವವಳು ತಾನು. ಅಂಜಿಕೆಯಿಂದ ಹುಟ್ಟಿದ, ಎಲ್ಲರೂ ದೋಷ ಎಂದ ಆ ಅರೆಗಳಿಗೆಯನ್ನು ಒಂದು ಮಗು ಎರಡು ವರ್ಷ ಕಷ್ಟಪಟ್ಟು ಕಲಿತಿದೆ. ಅವಳು ಕಾಳಿನ ಪಾತ್ರೆಯನ್ನು ಹುಡುಗಿಯ ಕಡೆ ಸರಿಸಿದಳು. ಸುಮ್ಮನಿರಲಾರದೆ ಶಾಂಭವಿ ಒಂದು ಹಿಡಿ ಅವರೆಕಾಳು ಎತ್ತಿಕೊಂಡು ಹಿದುಕಲು ಹೋದಳು. ಕಾಳು ಚಿಮ್ಮಿ ನಿರಂಜನನ ಕನ್ನಡಕಕ್ಕೆ ಹೊಡೆಯಿತು. ಪುಷ್ಪಲತಾ ಮಾತ್ರ ಹುಡುಗಿಯ ಎಡಗೈಯನ್ನೇ ದಿಟ್ಟಿಸುತ್ತಿದ್ದರು.

“ಓಹೋ, ನಮ್ಮನೆ ಸೌಟು ಎಡಗೈಗೆ ಹೋಗಿದ್ದು ನಿನ್ನಿಂದ್ಲಾ,” ಎಂದರು. “ಇರ್ಲಿ, ಉಂಡ್ಕೊಂಡೇ ಹೋಗು.”

ಮಧ್ಯಾಹ್ನ ಮಂಡಳಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಶಾಂಭವಿ ಸಹಿ ಹಾಕಿದಳು. ಎತ್ತರದ ಮಂಚವನ್ನೂ ಬಾಗಿಲುಗಳನ್ನೂ ಅವಳು ಕಣ್ಣೆತ್ತಿಯೂ ನೋಡಿರಲಿಲ್ಲ. ಒಂದೇ ತೊಡಕು ಎಂದು ಸಿದ್ದರಾಜು ಮೇಷ್ಟ್ರು ಹೇಳಿದರು. ಈ ಋತುವಿನ ನೋಂದಣಿ ನವೆಂಬರಿನಲ್ಲೇ ಮುಗಿದಿದೆ, ಆದ್ದರಿಂದ ಅವಳು ಈ ವರ್ಷ ಅಭ್ಯಾಸ ಮಾಡಬಹುದೇ ಹೊರತು ಪಂದ್ಯ ಆಡುವಂತಿಲ್ಲ. ಹನ್ನೆರಡನೆಯ ಸಾಲನ್ನು ಇನ್ನೊಂದು ವರ್ಷ ಹಾಗೇ ಖಾಲಿ ಇಡುತ್ತೇವೆ, ಅದು ನಿನ್ನದೇ ಎಂದು ಮಂಡಳಿಯವರು ಭರವಸೆ ಕೊಟ್ಟರು. ಬಾಗಿಲ ಬಳಿ ನಿಂತಿದ್ದ ತನುಜಾ ಹೊರಗೆ ನೋಡಿದಳು. ಇನ್ನೂ ಇಪ್ಪತ್ತೆರಡು ಗೆರೆ ಎಂದುಕೊಂಡಳು.

ಶಾಂಭವಿ ಪೆನ್ನನ್ನು ಟೇಬಲ್ಲಿನ ಮೇಲಿಟ್ಟಳು.

“ಖಾಲಿ ಯಾರಿಗಂತ ಬಿಡ್ತೀರ್ರಿ?” ಎಂದಳು. “ನಾ ಬಂದೇನಲ್ಲ. ಈ ವರ್ಸ ಅಕ್ಕಾರ ಹೆಸರು ಬರೀರಿ. ಆ ಅಂಗಿ ನಾ ಹಾಕ್ಕೋತೀನಿ.”

ಮಂಡಳಿಯವರು ಯೋಜನೆಯ ಹಾಳೆಗಳನ್ನು ತಿರುವಿದರು. ನಲವತ್ತೊಂದು ಅಂಶಗಳಲ್ಲಿ ಇದಕ್ಕೆ ಅಡ್ಡ ಬರುವಂಥದ್ದು ಯಾವುದೂ ಇರಲಿಲ್ಲ, ಇಂಥದ್ದೊಂದು ಕೇಳಿಕೆ ಬರಬಹುದೆಂದು ಯಂತ್ರಕ್ಕೆ ಹೊಳೆದೇ ಇರಲಿಲ್ಲ. ಆಟಗಾರ್ತಿ ಎಂದು ತನುಜಾಳ ನೋಂದಣಿ ಒಂಬತ್ತು ವರ್ಷವೂ ತಪ್ಪದೆ ನವೀಕರಣವಾಗಿದೆ ಎಂದು ಮೇಷ್ಟ್ರು ಮೆಲ್ಲಗೆ ನೆನಪಿಸಿದರು. ಪ್ರತಿ ವರ್ಷ ಅದನ್ನು ಮರೆಯದೆ ಮಾಡಿಸುತ್ತಿದ್ದವರು ಅವರೇ. ಅವತ್ತೇ ಸಂಜೆ ನಿರಂಜನ ಶೋಧಕವನ್ನು ಅಳಿಸಿದ. ಕಡತದಲ್ಲಿ ‘ತನುಜಾ ದೋಷ’ ಎಂದಿದ್ದ ಕಡೆಯೆಲ್ಲ ‘ತನುಜಾ ಹೆಜ್ಜೆ’ ಎಂದು ತಿದ್ದಿದ. ಯಾರಿಗೂ ಹೇಳಲಿಲ್ಲ.

ಜನವರಿಯಲ್ಲಿ ಋತುವಿನ ಮೊದಲ ಪಂದ್ಯ ಬಳ್ಳಾರಿಯಲ್ಲಿ, ಅಲ್ಲಿನ ಕೋಟೆ ತಂಡದ ಎದುರು. ಮೂರನೆಯ ಭಾಗದಲ್ಲಿ ಮಂಡ್ಯ ಒಂಬತ್ತು ಅಂಕ ಹಿಂದೆ ಇದ್ದಾಗ ಮೇಷ್ಟ್ರು ತಿರುಗಿ ತನುಜಾಳ ಕಡೆ ಕೈ ಮಾಡಿದರು. ಅವಳು ಸ್ಕೋರರ್ ಮೇಜಿನ ಮುಂದೆ ಹೋಗಿ ನಿಂತಳು. ಮುಸುಕಿಲ್ಲ, ಕಡ್ಡಿಯಿಲ್ಲ, ಗಾಳಿಚೀಲವಿಲ್ಲ. ಮೈ ಎಷ್ಟು ಹಗುರಾಗಿತ್ತೆಂದರೆ ಅವಳಿಗೆ ಭಯವಾಯಿತು. ರೆಫರಿ ಕರೆದರು. ಅಂಕಣಕ್ಕೆ ಕಾಲಿಡುತ್ತಲೇ ಅವಳು ಓಡಬೇಕಿತ್ತು, ಓಡದೆ ಹಿಂತಿರುಗಿ ನೋಡಿದಳು. ಸ್ಕೋರರ್ ಹೆಂಗಸು ತಲೆ ಬಗ್ಗಿಸಿ ಪೆನ್ನಿನಿಂದ ಎರಡು ಪುಟ್ಟ ಗೆರೆ ಎಳೆದರು, ಒಂದಕ್ಕೊಂದು ಅಡ್ಡವಾಗಿ.

ಎದುರಾಳಿಗಳ ಬೆಂಚಿನಲ್ಲೂ ಒಂದು ಮುಂಗಾಣ್ಕೆ ಇತ್ತು. ಯಾರು ಒಳಗೆ ಬಂದರೂ ಅವಳು ಏನು ಮಾಡುತ್ತಾಳೆ ಎಂದು ಅದು ಹೇಳುತ್ತಿತ್ತು. ತನುಜಾಳ ಹೆಸರಿಗೆ ಅದು ಮಾಹಿತಿ ಇಲ್ಲ ಎಂದಿತು. ಅವರ ಕೋಚ್ ಎರಡು ಸಲ ಅದರ ಬೆನ್ನಿಗೆ ತಟ್ಟಿ ನೋಡಿದರು.

ಅವಳು ಆಡಿದ್ದು ಐದು ನಿಮಿಷ. ಒಂದು ಪಾಸ್ ಕೈಜಾರಿತು. ಒಂದು ಸಲ ಕಾಲು ಎಡವಿ ಬಿದ್ದಳು. ನಾಲ್ಕನೆಯ ನಿಮಿಷದಲ್ಲಿ ಚೆಂಡು ಅವಳು ಎಲ್ಲಿರುತ್ತಾಳೋ ಅಲ್ಲಿಗೇ ಬಂತು, ಹನ್ನೊಂದು ಜನರಿಗೂ ಅದು ಒಂಬತ್ತು ವರ್ಷದ ರೂಢಿ. ಎಡಗಾಲೂರಿ ತಡೆದಳು. ಎದುರಿನವಳು ಹಾರಿದಳು, ಇಳಿದಳು. ಆಮೇಲೆ ತನುಜಾ ಎದ್ದು ಎಡಗೈಯಿಂದ ಚೆಂಡನ್ನು ಬುಟ್ಟಿಯೊಳಗೆ ಬಿಟ್ಟಳು. ಪ್ರೇಕ್ಷಕರ ಮೊದಲ ಸಾಲಿನಲ್ಲಿ, ಒಂಬತ್ತು ವರ್ಷ ತಾನು ಕೂತಿದ್ದಂಥದೇ ಜಾಗದಲ್ಲಿ, ಉದ್ದನೆಯ ಹುಡುಗಿಯೊಬ್ಬಳು ಎದ್ದು ನಿಂತದ್ದನ್ನು ಅವಳು ಓರೆಗಣ್ಣಲ್ಲಿ ಕಂಡಳು. ಹಿಂದಿನ ಸಾಲಿನವರು ಕೂತ್ಕೊಳ್ಳಮ್ಮಾ ಎಂದು ಗದರುತ್ತಿದ್ದರು.

ಮಂಡ್ಯ ಮೂರು ಅಂಕದಿಂದ ಸೋತಿತು. ಸ್ಕೋರ್ ಶೀಟಿನ ಹಳದಿ ಪ್ರತಿ ಸೋತ ತಂಡಕ್ಕೆ ಸಲ್ಲಬೇಕು ಎನ್ನುವುದು ಪದ್ಧತಿ. ಸಾಮಾನ್ಯವಾಗಿ ಅದನ್ನು ಯಾರೂ ಮುಟ್ಟುವುದಿಲ್ಲ, ಬಸ್ಸಿನಲ್ಲಿ ಯಾರದೋ ಚೀಲದಡಿ ಮುದುರಿ ಬಿದ್ದಿರುತ್ತದೆ. ಈ ಸಲ ಮೇಷ್ಟ್ರು ಅದನ್ನು ನಾಲ್ಕಾಗಿ ಮಡಿಸಿ ತನುಜಾಳ ಕೈಗೆ ಕೊಟ್ಟರು.

ಮಾರನೆಯ ಬೆಳಿಗ್ಗೆ ಪುಷ್ಪಲತಾ ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಮೊದಲಿನಿಂದ ಓದಿದರು. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಹನ್ನೆರಡನೆಯ ಸಾಲಿಗೆ ಬಂದರು. ಅಲ್ಲಿ ಬೆರಳು ಬಹಳ ಹೊತ್ತು ನಿಂತಿತು.

“ನೀನು ಹಾಕಿದ್ದು ಎಷ್ಟವ್ವ?”

“ಎರಡು.”

“ಎರಡೇಯಾ?”

“ಎರಡೇ ಅಮ್ಮ.”

ಪುಷ್ಪಲತಾ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಮುಂದಿನ ಆಟ ಯಾವತ್ತು ಎಂದು ಕೇಳಿದರು. ಶನಿವಾರ, ಇಲ್ಲೇ ಮಂಡ್ಯದಲ್ಲಿ ಎಂದಳು ತನುಜಾ.

“ಹಂಗಾದ್ರೆ ನಾನೂ ಬತ್ತೀನಿ,” ಎಂದರು ಪುಷ್ಪಲತಾ. ಎದ್ದು ಒಳಗೆ ಹೋಗಿ ಸೌಟು ತಂದು, ಮಗಳ ಎಡಗೈಗೇ ಕೊಟ್ಟರು.